ಚೆರ್ರಿ ಪೈ ಸ್ಟೌಟಿನ ರಸಿಕ

ಮಿಷಿಗನ್ನಿನ ಆ ಬಿಯರ್ ಮನೆಯಲ್ಲಿ ಮುದುಕ ಲೈಲ್ ಗ್ಲಾಸೆತ್ತಿದನೆಂದರೆ ಮಾತೆಲ್ಲ ನಿಲ್ಲುತ್ತದೆ. ದಿನಕ್ಕೊಂದು ಸಿಹಿತಿಂಡಿಯ ರುಚಿ ಬೆರೆಸಿ ಕೊಡುವ ಸ್ಟೌಟ್ ಎಂಬ ಕರಿಯ ಬಿಯರಿನ ನೊರೆಗೆ ಮೂಗು ಅದ್ದುತ್ತಾನೆ, ಕಣ್ಣು ಮುಚ್ಚುತ್ತಾನೆ, ಮೀಸೆಗಂಟಿದ್ದನ್ನೂ ಬಿಡದೆ ನೆಕ್ಕುತ್ತಾನೆ. "ಆಹಾ, ಚೆರ್ರಿ ಪೈ ಕಣ್ರಪ್ಪಾ! ಹಿಟ್ಟಿನ ಅಂಚು ಚೂರು ಸೀದೋಗಿದೆ, ಆದ್ರೆ ಬೆಣ್ಣೆಗೆ ಕೈ ಬಿಗಿ ಹಿಡಿದಿಲ್ಲ ಬೇಯ್ಸಿದ ಪುಣ್ಯಾತ್ಗಿತ್ತಿ!" ಎಂದರೆ ಇಡೀ ಬೆಂಚು "ನಮ್ಗೂ ಅದೇ!" ಎಂದು ಕೂಗುತ್ತದೆ. ಯಾವುದೋ ಜ್ವರ ಅವನ ಮೂಗು, ನಾಲಿಗೆ ಎರಡನ್ನೂ ಕೊಂದು ವರ್ಷಗಳಾದವೆಂದು ಗೊತ್ತಿರುವುದು, ಗ್ಲಾಸು ಕೊಡುವಾಗ ಆ ದಿನದ ಸಿಹಿಯ ಹೆಸರನ್ನು ಅವನ ಕಿವಿಯಲ್ಲಿ ಪಿಸುಗುಡುವ ಪರಿಚಾರಿಕೆ ಕೊರೀನಳಿಗೆ ಮಾತ್ರ. ಮೊನ್ನೆ ಅವಳು ಚೆರ್ರಿ ಪೈ ಎಂದು ಪಿಸುಗುಟ್ಟಿ, ಗಡಿಬಿಡಿಯಲ್ಲಿ ಏನೂ ಬೆರೆಸದ ಬರೀ ಕಹಿ ಸ್ಟೌಟ್ ಕೊಟ್ಟುಬಿಟ್ಟಳು. ಲೈಲ್ ಎಂದಿನಂತೆ ಹೊಗಳಿದ. ಬೆಂಚೆಲ್ಲ ಅದನ್ನೇ ತರಿಸಿ ಚಪ್ಪರಿಸಿತು. ತಪ್ಪೊಪ್ಪಿಕೊಳ್ಳುವ ಮುನ್ನ ತಾನೂ ಒಂದು ಗುಟುಕು ಕುಡಿದು ನೋಡಿದ ಕೊರೀನ್, ತುಟಿಯಂಚಿನಲ್ಲಿ ಇಲ್ಲದ ಪೈ ಪುಡಿಯನ್ನು ಒರೆಸಿಕೊಂಡಳು.