ರಾಧಾಮಣಿಯವರ ಇಲ್ಲದ ಕಾಯಿಲೆಗಳು

ಬೆಳಗಿನ ಆರೂಕಾಲು. ಬಿಂಡಿಗನವಿಲೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಎಲ್ಲೋ ಕುರಿಮರಿಗಳು ಕೂಗುತ್ತಿವೆ, ಮರಿಗಳು ಮಾತ್ರ ಕಾಣುತ್ತಿಲ್ಲ. ನಾಗಮಂಗಲದ ಮೊದಲ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ರಾಧಾಮಣಿ ಸೆರಗಿನೊಳಗಿಂದ ಮೊಬೈಲನ್ನು ಕಿವಿಗೆ ಒತ್ತಿಕೊಂಡಿದ್ದಾರೆ. ಅದರೊಳಗಿನಿಂದ ಹೆಣ್ಣುದನಿಯೊಂದು ನಿಧಾನವಾಗಿ ಹೇಳುತ್ತಿದೆ: ‘ನಿಮ್ಮ ಹೆಸರು ಜಯಲಕ್ಷ್ಮಮ್ಮ. ವಯಸ್ಸು ನಲವತ್ತೆಂಟು. ಊರು ಪಾಂಡವಪುರದ ಹತ್ತಿರ. ಎರಡು ತಿಂಗಳಿಂದ ಸುಸ್ತು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ.’

ರಾಧಾಮಣಿ ಕಣ್ಣು ಮುಚ್ಚಿ ತುಟಿಯಲ್ಲೇ ಅದನ್ನು ಹೇಳಿಕೊಳ್ಳುತ್ತಾರೆ. ಬಸ್ಸು ಹೊಲಗಳ ನಡುವೆ ತೇಲಿದಂತೆ ಸಾಗುತ್ತದೆ. ನಾಗಮಂಗಲ ಹತ್ತಿರವಾಗುವ ಹೊತ್ತಿಗೆ ಅವರು ಕೂತಿರುವ ರೀತಿಯೇ ಬೇರೆ. ಭುಜ ಇಳಿದಿದೆ. ಮತ್ತೆಮತ್ತೆ ಎಂಜಲು ನುಂಗುತ್ತಿದ್ದಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಹೊರಟು ಪಕ್ಕದಲ್ಲಿ ಕೂತಿದ್ದ ನಾನು ತಡೆಯಲಾರದೆ ನೀರಿನ ಬಾಟಲಿ ಚಾಚುತ್ತೇನೆ. ಅವರು ಕಣ್ಣು ಬಿಟ್ಟು ನಗುತ್ತಾರೆ.

“ಬಾಯಾರ್ಕೆ ನಂಗಲ್ಲ ಕಣವ್ವ. ಆ ಜಯಲಕ್ಷ್ಮಮ್ಮಂಗೆ.”

ಐವತ್ತೊಂದರ ರಾಧಾಮಣಿಯವರ ಕೆಲಸ ಇದೇ. ಈ ಸೀಮೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅವರು ರೋಗಿಯ ಪಾತ್ರ ಮಾಡುತ್ತಾರೆ. ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯ ದಿನ ಸಾಲಾಗಿ ಹತ್ತು ಕೋಣೆ, ಒಂದೊಂದಕ್ಕೂ ಹಸಿರು ಪರದೆ. ಗಂಟೆ ಹೊಡೆದರೆ ವಿದ್ಯಾರ್ಥಿ ಒಳಗೆ, ಎಂಟು ನಿಮಿಷಕ್ಕೆ ಮತ್ತೆ ಗಂಟೆ, ಆತ ಹೊರಗೆ. ನಿಜವಾದ ರೋಗಿಯೊಬ್ಬರನ್ನು ಕೂರಿಸಿ ಒಂದೇ ನೋವನ್ನು ಇಪ್ಪತ್ತು ಸಲ ಹೇಳಿಸಲಾದೀತೆ? ಆದ್ದರಿಂದ ರಾಧಾಮಣಿ ಹೇಳುತ್ತಾರೆ. ಬೆಳಿಗ್ಗೆ ಹನ್ನೆರಡು ಮಂದಿಗೆ, ಊಟವಾದ ಮೇಲೆ ಮತ್ತೆ ಹನ್ನೆರಡು ಮಂದಿಗೆ. ಆರು ವರ್ಷಗಳಲ್ಲಿ ಅವರು ಇಪ್ಪತ್ತಮೂರು ಕಾಯಿಲೆಗಳನ್ನು ಅನುಭವಿಸಿದ್ದಾರೆ, ಒಂದೂ ಅವರದಲ್ಲ.

“ಮೊದಲ್ನೇ ಮಗೀಗೆ ಎಷ್ಟು ನರಳ್ತೀನೋ ಕೊನೇ ಮಗೀಗೂ ಅಷ್ಟೇ ನರಳ್ಬೇಕು. ಒಬ್ರಿಗೆ ಜಾಸ್ತಿ ಒಬ್ರಿಗೆ ಕಮ್ಮಿ ಮಾಡುದ್ರೆ ಮೋಸ ಆಯ್ತದೆ. ಪರೀಕ್ಸೆ ಅಲ್ವಾ?” ಎನ್ನುತ್ತಾರೆ. ಕೆಲವು ಬೆಳಗಿನ ಜಾವ ಎಚ್ಚರವಾದಾಗ ಯಾರ ಮೈಯೊಳಗೆ ಮಲಗಿದ್ದೇನೆಂದು ತಮಗೇ ತಿಳಿಯುವುದಿಲ್ಲವಂತೆ. ಆಗ ಸುಮ್ಮನೆ ಕೈಬೆರಳು ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಾರೆ. ಬೆರಳ ತುದಿಯ ಹಳೆಯ ಉಳಿಗಾಯ ಸಿಕ್ಕಿದರೆ ತಾನು ರಾಧಾಮಣಿ ಎಂದು ಖಾತ್ರಿ.

ಅದು ಮರಗೆಲಸದ ಮನೆಯ ಗಾಯ. ಗಂಡ ಕೃಷ್ಣಮೂರ್ತಿ ಸುತ್ತಿನ ಹಳ್ಳಿಗಳಿಗೆಲ್ಲ ಬಾಗಿಲು, ಕಿಟಕಿ ಮಾಡಿಕೊಡುತ್ತಿದ್ದ ಬಡಗಿ. ರಾಧಾಮಣಿ ಮರಳುಕಾಗದ ಉಜ್ಜುತ್ತ, ಬಾಗಿಲು ಅಳತೆಗೆ ಬಂದವರ ಮಾತು, ನಡಿಗೆಗಳನ್ನು ಅವರು ಹೋದ ಮೇಲೆ ಆಡಿ ತೋರಿಸಿ ಗಂಡನನ್ನು ನಗಿಸುತ್ತಿದ್ದರು. ಕೃಷ್ಣಮೂರ್ತಿ ತೀರಿಕೊಂಡು ಎಂಟು ವರ್ಷವಾಯಿತು.

ಅವರು ಹೋದ ಎರಡು ವರ್ಷಕ್ಕೆ ಊರಿಗೆ ಆರೋಗ್ಯ ತಪಾಸಣೆಗೆ ಬಂದವರು ಡಾ. ರಂಜಿತ. ಪಾಂಡವಪುರ ಕಡೆಯ ಬೇಸಾಯದ ಮನೆಯ ಮಗಳು, ಕಾಲೇಜಿನಲ್ಲಿ ಅಧ್ಯಾಪಕಿ. ವೈದ್ಯರಾಗುವ ಮಕ್ಕಳಿಗೆ ಕಲಿಸುವ ಕ್ರಮ, ಅವರನ್ನು ಅಳೆಯುವ ಕ್ರಮ ಇವೇ ಅವರ ಸಂಶೋಧನೆ. “ಹೊಟ್ಟೆ ಉರಿಯನ್ನ ನಿಮ್ಮೂರಲ್ಲಿ ಹೇಗೆ ಹೇಳ್ತೀರಿ?” ಎಂದು ಅವರು ಹೆಂಗಸರನ್ನು ಕೇಳಿದಾಗ, ರಾಧಾಮಣಿ ನಾಲ್ಕು ಮನೆಯವರು ನಾಲ್ಕು ಬಗೆಯಲ್ಲಿ ಹೇಳುವುದನ್ನು ಕೂತಲ್ಲೇ ಮಾಡಿ ತೋರಿಸಿದರು. ಜಗುಲಿ ತುಂಬ ನಗು. ಡಾಕ್ಟರು ಮಾತ್ರ ನಗದೆ ಬರೆದುಕೊಂಡರು. ಮುಂದಿನ ತಿಂಗಳೇ ಕಾಲೇಜಿನಿಂದ ಕರೆ ಬಂತು. ಅಂದಿನಿಂದ ಪ್ರತಿ ಪಾತ್ರವನ್ನೂ ಡಾಕ್ಟರೇ ಬರೆದು, ತಮ್ಮ ದನಿಯಲ್ಲಿ ಓದಿ ಮೊಬೈಲಿಗೆ ಕಳಿಸುತ್ತಾರೆ.

ಕೋಣೆಯ ಮೂಲೆಯಲ್ಲಿ ಪರೀಕ್ಷಕರೊಬ್ಬರು ಕೂತು ಪಟ್ಟಿಗೆ ಗುರುತು ಹಾಕುತ್ತಾರೆ. ಏಳನೇ ತರಗತಿ ಓದಿದ ರಾಧಾಮಣಿಯ ಕೈಯಲ್ಲೂ ಕನ್ನಡದಲ್ಲಿರುವ ಬೇರೆಯದೇ ಒಂದು ಹಾಳೆ ಇರುತ್ತದೆ. ಅದರ ಕೊನೆಯ ಪ್ರಶ್ನೆ: ‘ಈ ಡಾಕ್ಟರ ಹತ್ತಿರ ಮತ್ತೆ ಬರುತ್ತೀರಾ?’ ಪರೀಕ್ಷಕರ ಅಂಕ ಮತ್ತು ಈ ಉತ್ತರ, ಎರಡೂ ಎಷ್ಟು ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದನ್ನು ಡಾ. ರಂಜಿತ ಹೋಲಿಸಿ ನೋಡುತ್ತಾರೆ.

ಮೂರು ವರ್ಷದ ಹಿಂದೆ, ಇಂಥದೇ ಮಂಜಿನ ಒಂದು ಬೆಳಿಗ್ಗೆ, ಬಸ್ಸಿನಲ್ಲಿ ರಾಧಾಮಣಿ ಹೊಸ ಪಾತ್ರ ಕೇಳಿಸಿಕೊಂಡರು. ‘ನಿಮಗೆ ಎರಡು ದಿನದಿಂದ ದವಡೆ ನೋವು. ಅಷ್ಟು ಮಾತ್ರ ಹೇಳಿ. ಇನ್ನೇನಾದರೂ ಇದೆಯಾ ಎಂದು ವಿದ್ಯಾರ್ಥಿ ಕೇಳಿದರೆ ಮಾತ್ರ, ಭಾರ ಎತ್ತಿದಾಗ ಬರುತ್ತದೆ, ಕೂತರೆ ಹೋಗುತ್ತದೆ, ಬೆವರುತ್ತದೆ ಎನ್ನಿ. ಕೇಳದಿದ್ದರೆ ಹೇಳಬಾರದು.’ ಅದು ಹೃದಯದ ನೋವು, ದವಡೆಯಲ್ಲಿ ಕಾಣಿಸಿಕೊಂಡಿದೆ. ರಾಧಾಮಣಿ ನಾಗಮಂಗಲದಲ್ಲಿ ಇಳಿದು ಕಲ್ಲುಬೆಂಚಿನ ಮೇಲೆ ಕೂತರು. ಎರಡು ಬಸ್ಸು ಬಂದು ಹೋದವು. ಮೂರನೆಯದಕ್ಕೆ ಹತ್ತಿದರು.

ಅಂದು ಬೆಳಗಿನ ಹನ್ನೊಂದನೆಯ ವಿದ್ಯಾರ್ಥಿ ಲೋಹಿತ್. ಚುರುಕಿನ ಹುಡುಗ. ಕೈ ತೊಳೆದ, ಹೆಸರು ಹೇಳಿಕೊಂಡ, ಅನುಮತಿ ಕೇಳಿ ಬಾಯಿ ಪರೀಕ್ಷಿಸಿದ, ಹಲ್ಲಿನ ಡಾಕ್ಟರಿಗೆ ಚೀಟಿ ಬರೆದ. ಎಂಟು ನಿಮಿಷದಲ್ಲಿ ಎರಡು ನಿಮಿಷ ಇನ್ನೂ ಉಳಿದಿತ್ತು. ಪರೀಕ್ಷಕರ ಪಟ್ಟಿಯಲ್ಲಿದ್ದ ಗುರುತುಗಳೆಲ್ಲ ಅವನಿಗೆ ಸಿಕ್ಕವು. ‘ಇನ್ನೇನಾದರೂ ಇದೆಯಾ’ ಎಂದು ಮಾತ್ರ ಅವನು ಕೇಳಲಿಲ್ಲ, ಆ ಪ್ರಶ್ನೆ ಪಟ್ಟಿಯಲ್ಲೂ ಇರಲಿಲ್ಲ. ರಾಧಾಮಣಿ ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರು. ಹನ್ನೆರಡನೆಯ ವಿದ್ಯಾರ್ಥಿಯನ್ನೂ ಮುಗಿಸಿಕೊಟ್ಟರು. ಆಮೇಲೆ ಪರದೆಯ ಹಿಂದೆ ಕೂತವರು ಏಳಲಿಲ್ಲ.

ಡಾ. ರಂಜಿತ ಅವರಿಗೆ ವಿಷಯ ಗೊತ್ತಾದದ್ದು ಆಗಲೇ. ಕೃಷ್ಣಮೂರ್ತಿಯವರೂ ಒಂದು ಮಧ್ಯಾಹ್ನ ದವಡೆ ಹಿಡಿದುಕೊಂಡು ಮನೆಗೆ ಬಂದಿದ್ದರು. ಆಸ್ಪತ್ರೆಯೊಂದರಲ್ಲಿ ಎಳೆಯ ಡಾಕ್ಟರೊಬ್ಬರು ಬಾಯಿ ನೋಡಿ ಮಾತ್ರೆ ಕೊಟ್ಟರು.

“ನಮ್ಮೋರು ಇನ್ನೊಂದ್ ಮಾತು ಏಳಕ್ಕೆ ಅಂತ ಬಾಯ್ ತಗುದ್ರು. ಅಷ್ಟ್ರಲ್ಲಿ ಡಾಕ್ಟ್ರು ಮುಂದಿನೋರ್ನ ಕರುದ್ಬುಟ್ರು. ಏನ್ ಏಳ್ಬೇಕು ಅಂತಿದ್ರಿ ಅಂತ ದಾರೀಲಿ ಕೇಳ್ದೆ. ‘ಮರ ಎತ್ತುವಾಗ್ಲೇ ಬತ್ತದೆ ಕಣೆ, ಕೂತ್ಕಂಡ್ರೆ ಓಯ್ತದೆ’ ಅಂದ್ರು. ನಂಗೇನ್ ಗೊತ್ತು? ಅಲ್ಲುನೋವು ಅಂತ್ಲೇ ಅನ್ಕಂಡೆ. ಮಾರ್ನೆ ಬೆಳಿಗ್ಗೆ ಅರ್ಧ ಮಾಡಿದ್ ಬಾಗ್ಲು ಪಕ್ಕ ಒರಗ್ಕಂಡಿದ್ರು.”

ಡಾ. ರಂಜಿತ ಆ ಪಾತ್ರವನ್ನು ಅಂದೇ ತೆಗೆದುಹಾಕುತ್ತೇನೆ ಎಂದರು. ಪುಸ್ತಕ ನೋಡಿ ಬರೆದದ್ದು, ನಿಮ್ಮ ಮನೆಯ ಸಂಗತಿ ನನಗೆ ತಿಳಿದಿರಲಿಲ್ಲ ಎಂದು ಕೈ ಹಿಡಿದುಕೊಂಡರು. ರಾಧಾಮಣಿ ಒಪ್ಪಲಿಲ್ಲ. “ತಗೀಬ್ಯಾಡಿ ಮೇಡಂ. ಬ್ಯಾರೆಯೋರ್ಗೂ ಕೊಡ್ಬ್ಯಾಡಿ. ಇದ್ನ ನಾನೇ ಮಾಡ್ತೀನಿ.”

ಎರಡು ದಿನ ಬಿಟ್ಟು ಲೋಹಿತ್ ಅವರನ್ನು ಹುಡುಕಿಕೊಂಡು ಬಂದ. ಮುಖ ಬಿಗಿದಿತ್ತು. “ಪರೀಕ್ಷಕರು ಪೂರ್ತಿ ಅಂಕ ಕೊಟ್ಟಿದ್ದಾರೆ. ನೀವು ಇಲ್ಲ ಅಂತ ಬರೆದಿದ್ದೀರಂತೆ. ನಾನೇನು ತಪ್ಪು ಮಾಡಿದೆ?”

“ತಪ್ಪೇನಿಲ್ಲ ಸಾ, ಚೆನ್ನಾಗೇ ನೋಡುದ್ರಿ. ನಾನಿನ್ನೂ ಮಾತು ಮುಗ್ಸಿರ್ನಿಲ್ಲ, ಅಷ್ಟೆ.”

ಹುಡುಗ ಸ್ಟೂಲು ಎಳೆದುಕೊಂಡು ಕೂತು, “ಈಗ ಹೇಳಿ” ಎಂದ. ರಾಧಾಮಣಿ ಪಾತ್ರದ ಮಾತು ಹೇಳಲಿಲ್ಲ, ಕೃಷ್ಣಮೂರ್ತಿಯ ಮಾತನ್ನು ಹೇಳಿದರು. ಅವರು ಮುಗಿಸುವವರೆಗೆ ಆತ ಅಲುಗಾಡಲಿಲ್ಲವಂತೆ.

ಆ ವರ್ಷ ನಲವತ್ತೆಂಟು ವಿದ್ಯಾರ್ಥಿಗಳಲ್ಲಿ ‘ಇನ್ನೇನಾದರೂ ಇದೆಯಾ?’ ಎಂದು ಕೇಳಿದವರು ಒಂಬತ್ತೇ ಮಂದಿ. ಡಾ. ರಂಜಿತ ಪರೀಕ್ಷಕರ ಪಟ್ಟಿಗೇ ಆ ಪ್ರಶ್ನೆಯನ್ನು ಸೇರಿಸಿದರು. ಪಾಠವೂ ಬದಲಾಯಿತು: ಪರೀಕ್ಷೆಗೆ ಮೊದಲೇ ವಿದ್ಯಾರ್ಥಿಗಳು ರಾಧಾಮಣಿಯವರ ಎದುರು ಸುಮ್ಮನೆ ಕೂತು ಕೇಳುವ ಅಭ್ಯಾಸ ಮಾಡಬೇಕು. ಕಳೆದ ವರ್ಷ ಅಷ್ಟೇ ವಿದ್ಯಾರ್ಥಿಗಳಲ್ಲಿ ಮೂವತ್ತೇಳು ಮಂದಿ ಕೇಳಿದರು. “ಉಳಿದ ಹನ್ನೊಂದು ಮಂದಿಯ ಚಿಂತೆ ಇದ್ದೇ ಇದೆ” ಎನ್ನುತ್ತಾರೆ ಡಾಕ್ಟರು.

ಲೋಹಿತ್ ಓದು ಮುಗಿಸಿ ಈಗ ಕೆ.ಆರ್. ಪೇಟೆ ಕಡೆಯ ಆಸ್ಪತ್ರೆಯೊಂದರಲ್ಲಿದ್ದಾನೆ. ಹೋದ ಹೊಸತರಲ್ಲಿ ಫೋನು ಮಾಡಿ, “ಅಮ್ಮಾ, ದವಡೆ ನೋವು ಅಂತ ಬಂದ ಒಂಬತ್ತು ಜನರನ್ನ ‘ಇನ್ನೇನಾದರೂ ಇದೆಯಾ’ ಅಂತ ಕೇಳಿದೆ, ಒಂಬತ್ತೂ ಹಲ್ಲುನೋವೇ” ಎಂದು ನಕ್ಕಿದ್ದ. ಕಳೆದ ಸಂಕ್ರಾಂತಿ ಮುಗಿದು ಕೆಲವು ದಿನಕ್ಕೆ ಮತ್ತೆ ಫೋನು ಬಂತು. ಬೂಕನಕೆರೆಯ ದ್ಯಾವಯ್ಯ ಎಂಬ ರೈತ ಹುಲ್ಲಿನ ಹೊರೆ ಇಳಿಸಿ ದವಡೆ ಹಿಡಿದುಕೊಂಡು ಬಂದಿದ್ದರು. ಕೇಳಿದ್ದಕ್ಕೆ ಅವರು ಇನ್ನೊಂದು ಮಾತು ಹೇಳಿದರು. ಹೊತ್ತಿಗೆ ಸರಿಯಾಗಿ ಮೈಸೂರಿನ ಹೃದಯದ ಆಸ್ಪತ್ರೆ ಮುಟ್ಟಿದರು, ಬದುಕಿದರು.

“ನೀವ್ ಏನಂದ್ರಿ?” ಎಂದು ಕೇಳಿದೆ.

“ಏನನ್ಲವ್ವ? ರಾಗಿ ಕೇರ್ತಿದ್ದೆ. ಮೊರ ಕೆಳಗಿಟ್ಟು ಬಾಗ್ಲ ತಾವ ಬಂದೆ. ಬಿಸ್ಲು ಬಂದಿತ್ತು. ನಮ್ಮೋರು ಮಾಡಿದ್ ಬಾಗ್ಲು ತಗುದಿತ್ತು.”

ಸಂಜೆ, ಊರಿನ ಬಸ್ಸು. ಜಯಲಕ್ಷ್ಮಮ್ಮನನ್ನು ಕಾಲೇಜಿನಲ್ಲೇ ಬಿಟ್ಟು ಬಂದ ರಾಧಾಮಣಿ ಹಗುರವಾಗಿ ಕೂತಿದ್ದಾರೆ. ಕಿಟಕಿಯಾಚೆ ಹೊಲಗಳ ಮೇಲೆ ಜೇನುಬಣ್ಣದ ಬೆಳಕು. ಏನಾದರೂ ಆಸೆ ಉಳಿದಿದೆಯೇ ಎಂದರೆ ಮೊದಲು ತಲೆಯಾಡಿಸುತ್ತಾರೆ, ಆಮೇಲೆ ನಾಚಿಕೊಂಡು ಹೇಳುತ್ತಾರೆ:

“ಮೇಡಂನ ಒಂದ್ ಕೇಳಿವ್ನಿ. ಬರೀ ಕಾಯ್ಲೆಯೋರೇ ಆಗೋಯ್ತು, ಒಂದ್ಸಲ ಏನೂ ಇಲ್ದಿರೋ ಎಂಗುಸ್ನ ಪಾರ್ಟು ಕೊಡಿ ಅಂತ. ಸುಮ್ಗೆ ದಿಗಿಲಾಗಿ ಬಂದಿರ್ತಾಳೆ. ಅಂಥೋರೂ ಬತ್ತಾರಲ್ಲ? ಮಕ್ಳು ನನ್ ಮಾತ್ನ ಪೂರಾ ಕೇಳ್ಬೇಕು, ನಾಡಿ ಇಡ್ದು ನೋಡ್ಬೇಕು. ಆಮೇಕೆ ‘ನಿಮಗೇನೂ ಆಗಿಲ್ಲಮ್ಮ, ಚೆನ್ನಾಗಿದೀರ, ಮನೆಗೆ ಹೋಗಿ’ ಅನ್ಬೇಕು. ಬೆಳಿಗ್ಗೆ ಅನ್ನೆಲ್ಡು ಸಲ, ಸಂದೇಗೆ ಅನ್ನೆಲ್ಡು ಸಲ.”