ಇಲಿಗಳಿಗೆ ಬಂದ ಔಷಧಿ

ಮೊದಲು ಕಂಡದ್ದು ಮೂತ್ರದಲ್ಲಿ ನೊರೆ. ಬೆಳಿಗ್ಗೆ ಬಚ್ಚಲಿನಿಂದ ಹೊರಬಂದ ನನ್ನ ಗಂಡ, "ಏನಿದು, ಕಬ್ಬಿನಹಾಲು ಕುದ್ದಂಗ ನೊರಿ ಬರಾಕತ್ತೈತಿ" ಎಂದು ನಕ್ಕರು. ನಾನೂ ನಕ್ಕೆ. ಬೆಲ್ಲದ ಬಾಗೇವಾಡಿಯ ಗಾಣದಲ್ಲಿ ಬೆಲ್ಲ ಕಾಯಿಸುವುದೇ ಇವರ ಕೆಲಸ. ಕೊಪ್ಪರಿಗೆಯ ನೊರೆ ನೋಡಿಯೇ ಪಾಕ ಬಂತೋ ಇಲ್ಲವೋ ಹೇಳುವ ಮನುಷ್ಯ. ತಮ್ಮ ಮೈಯಿಂದ ಬಂದ ನೊರೆ ಮಾತ್ರ ಇವರಿಗೆ ತಿಳಿಯಲಿಲ್ಲ.

ಆಮೇಲೆ ಪಾದ ಊದಿತು. ಚಪ್ಪಲಿ ಹಿಡಿಸಲಿಲ್ಲ. ಗೋಕಾಕಿನ ಆಸ್ಪತ್ರೆಯಲ್ಲಿ ಬ್ಲಡ್, ಯೂರಿನ್, ಸ್ಕ್ಯಾನ್ ಎಲ್ಲ ಆಯಿತು.

ಡಯಾಬಿಟಿಕ್ ಕಿಡ್ನಿ ಡಿಸೀಸ್. ಎರಡೂ ಕಿಡ್ನಿ.

"ಶುಗರ್ ಬಂದ ಮ್ಯಾಲೆ ಸಕ್ರಿ ಬಿಟ್ಟೀರಿಲ್ರಿ ಕಾಕಾ?" ಎಂದು ಡಾಕ್ಟರ್ ಕೇಳಿದರು. ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು.

"ಒಂದ ಚಿಟಿಕಿ ಮುಟ್ಟಿಲ್ರಿ" ಎಂದರು ಇವರು, ಹೆಮ್ಮೆಯಿಂದ.

"ಬೆಲ್ಲ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೆಲ್ಲವನ್ನು ನಾವು ಸಕ್ಕರೆಯೆಂದು ಎಣಿಸಿಯೇ ಇರಲಿಲ್ಲ. ಅದು ನಮ್ಮ ಕೈಯಾರೆ ಕಾಯಿಸಿದ್ದು. ಚಹಾಕ್ಕೆ ಬೆಲ್ಲ, ರೊಟ್ಟಿಗೆ ಬೆಲ್ಲ, ಮನೆಗೆ ಯಾರೇ ಬರಲಿ ಮೊದಲು ಬೆಲ್ಲ-ನೀರು, ಬಂದವರ ಜೊತೆ ಇವರಿಗೂ ಒಂದು ಚೂರು. ಹದ ನೋಡಲೆಂದು ಬಾಯಿಗೆ ಹಾಕಿಕೊಂಡದ್ದಕ್ಕಂತೂ ಲೆಕ್ಕವೇ ಇಲ್ಲ. ಡಾಕ್ಟರ್ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಡಯಾಲಿಸಿಸ್ ಬರೆದರು.

ವಾರಕ್ಕೆರಡು ಸಲ ಗೋಕಾಕದ ಬಸ್ಸು. ತೋಳಿಗೆ ಸೂಜಿ. ಕುಡಿಯುವ ನೀರಿಗೂ ಅಳತೆ. ಮನೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ.

ಒಂದು ದಿನ ಮಶೀನಿನ ಪಕ್ಕ ನಿಂತು ಡಾಕ್ಟರ್ ಸುದ್ದಿಯೊಂದನ್ನು ಹೇಳಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ಔಷಧಿ ತುಂಬಿ, ನೇರ ಕಿಡ್ನಿಗೇ ಕಳಿಸುವ ಪ್ರಯೋಗ ನಡೆದಿದೆಯಂತೆ. ವಿಶೇಷ ಬೆಳಕು ಬಿಟ್ಟರೆ ಆ ಕಣಗಳು ಹೊಳೆಯುತ್ತವಂತೆ. "ಹೊಳಿಯೋದ್ರಿಂದ ಗುಣ ಆಗೂದಿಲ್ರಿ. ಔಷಧಿ ಎಲ್ಲಿ ಮುಟ್ಟೇತಿ ಅಂತ ಗೊತ್ತಾಕ್ಕೈತಿ, ಅಷ್ಟ. ಇನ್ನೂ ಇಲಿಗೋಳ ಮ್ಯಾಲೆ ನಡದೈತಿ."

ಹೇಳಬಾರದಿತ್ತು.

ಅಂದಿನಿಂದ ಇವರು ಆ ಇಲಿಗಳ ಯೋಗಕ್ಷೇಮ ವಿಚಾರಿಸತೊಡಗಿದರು. "ಇಲಿ ಹೆಂಗದಾವ್ರಿ?" ಎಂದು ಹೋದಾಗಲೆಲ್ಲ ಕೇಳುವುದು. ಸ್ವಂತ ತಮ್ಮನ ಆರೋಗ್ಯವನ್ನೂ ಇಷ್ಟು ಕೇಳಿದವರಲ್ಲ. ನಾನು ರೇಗುತ್ತಿದ್ದೆ. ಆದರೆ ಡಾಕ್ಟರ್ ಏನು ಹೇಳುತ್ತಾರೋ ಎಂದು ನಾನೂ ಕಾಯುತ್ತಿದ್ದೆ.

ಕೊನೆಗೊಮ್ಮೆ ಇವರು ನೇರವಾಗಿಯೇ ಕೇಳಿದರು. "ಖರೆ ಹೇಳ್ರಿ. ಆ ಔಷಧಿ ನಾಳೆ ಬಂತು ಅಂದ್ರ, ನನ್ನ ಕಿಡ್ನಿ ಉಳಿತಾವೇನ್ರಿ?"

ಡಾಕ್ಟರ್ ಇವರ ಕೈ ಹಿಡಿದುಕೊಂಡರು. "ಇಲ್ರಿ ಕಾಕಾ. ಅದು ಇನ್ನೂ ಜೀವ ಇದ್ದ ಕಿಡ್ನಿಗ್ರಿ. ನಿಮ್ಮವು ಒಣಗ್ಯಾವ."

ಮರಳುವ ಬಸ್ಸು ಹಿಡಿದೆವು. ಘಟಪ್ರಭೆಯ ಸೇತುವೆ ದಾಟಿದ ಮೇಲೆ ಇವರು, "ಮೂಡಲಗಿಗೆ ಫೋನ್ ಮಾಡು. ಮಾದೇವಿಗೆ ಯೂರಿನ್ ತೋರಸಾಕ ಹೇಳು" ಎಂದರು. ಮಾದೇವಿ ನಮ್ಮ ಒಬ್ಬಳೇ ಮಗಳು, ಮೂಡಲಗಿಗೆ ಕೊಟ್ಟಿದ್ದೇವೆ. ಅಪ್ಪನ ಕೊಪ್ಪರಿಗೆಯ ಪಕ್ಕ ಬಾಯಿ ತೆರೆದುಕೊಂಡೇ ಬೆಳೆದವಳು.

ತೋರಿಸಿದರೆ, ಅವಳಿಗೂ ಶುಗರ್ ಇತ್ತು.

ಯೂರಿನ್‌ನಲ್ಲಿ ಪ್ರೋಟೀನ್ ಈಗಷ್ಟೇ ಸೋರಲು ಶುರುವಾಗಿದೆ, ಗುಳಿಗೆ ತಪ್ಪಿಸದೆ ಪಥ್ಯದಲ್ಲಿದ್ದರೆ ಕಿಡ್ನಿಯನ್ನು ಬಹಳ ವರ್ಷ ಕಾಪಾಡಬಹುದು ಎಂದರಂತೆ ಅಲ್ಲಿನ ಡಾಕ್ಟರ್. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಇವರು ಅಳಲಿಲ್ಲ. "ಆಕಿ ಪಾಳಿಗಾದ್ರೂ ಬರ್ಲಿ ಆ ಔಷಧಿ" ಎಂದರು. ಬರುತ್ತದೆಂದು ನನಗೆ ನಂಬಿಕೆಯಿಲ್ಲ. ಬಾರದೆ ಇರಲಿ ಎನ್ನಲೂ ಬಾಯಿ ಬರುವುದಿಲ್ಲ.

ಮೊನ್ನೆ ಮಾದೇವಿ ಬಂದಳು. ರೂಢಿಯಂತೆ ನನ್ನ ಕೈ ಬೆಲ್ಲದ ಡಬ್ಬಿಗೆ ಹೋಯಿತು, ಹಿಂದೆ ತೆಗೆದೆ. ಈ ಮನೆಗೆ ಬಂದವರಿಗೆ ಮೊದಲ ಸಲ ಬರೀ ನೀರು ಕೊಟ್ಟೆ, ಅದೂ ಹೆತ್ತ ಮಗಳಿಗೆ. ಅವಳು ಅರ್ಧ ಕುಡಿದು ತಂಬಿಗೆ ಕೆಳಗಿಟ್ಟಳು.

ಇವರು ಆ ದಿನದ ಪಾಲಿನ ನೀರನ್ನು ಆಗಲೇ ಮುಗಿಸಿ ಕುಳಿತಿದ್ದರು.

"ಪೂರ್ತಿ ಕುಡಿಯವ್ವ. ನಿನಗಿನ್ನೂ ನಡಿತೈತಿ" ಎಂದರು.

ಅವಳು ತಂಬಿಗೆ ಎತ್ತಿ ಕುಡಿದಳು. ಮುಗಿಯುವವರೆಗೂ ಇವರು ನೋಡುತ್ತಲೇ ಇದ್ದರು.