ಸೊಂಟದ ಆಯಸ್ಕಾಂತ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಕತ್ತರಿಯಕ್ಕ. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಗುಂಡುಸೂಜಿ ಚುಚ್ಚಿ, ಗೆರೆ ತಪ್ಪದೆ ಕತ್ತರಿಸುವ ಮೇಜು ಅವಳದು. ಅದರ ಮುಂದೆ ನಿಂತೇ ಪ್ರಾಯ ಸವೆಯಿತು, ಬೆನ್ನೂ ಸವೆಯಿತು. ಬಗ್ಗಲಾಗದ ದಿನಗಳು ಬಂದಾಗ ಕೆಟ್ಟ ರೇಡಿಯೋದ ಆಯಸ್ಕಾಂತವನ್ನು ಬಿಡಿಸಿ, ದಾರ ಕಟ್ಟಿ, ಕತ್ತರಿಗೆ ಅಂಟದಿರಲೆಂದು ಸೊಂಟದ ಹಿಂಬದಿಗೆ ಸಿಕ್ಕಿಸಿಕೊಂಡಳು. ಅದನ್ನು ಇಳಿಬಿಟ್ಟು ಬಿದ್ದ ಸೂಜಿಗಳನ್ನು ಎತ್ತುವಳು. ಇನ್ನೊಬ್ಬರ ಮುಂದೆ ಕೈಚಾಚುವ ಜಾಯಮಾನ ಅವಳದಲ್ಲ.

ಕೊನೆಗೆ ವೈದ್ಯರು ಅವಳ ಸೊಂಟದ ಹಿಂದೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಯಂತ್ರವಿಟ್ಟು ಅದರ ತಂತಿಗಳನ್ನು ಬೆನ್ನುಹುರಿಯ ಬಳಿ ಸೇರಿಸಿದರು. ನರಕ್ಕೆ ಅದು ಕೊಡುವ ಸಣ್ಣ ಮಿಡಿತದಿಂದ ನೋವು ದೂರ ಸರಿಯಿತು. ಅವಳು ಕೆಲಸಕ್ಕೆ ಮರಳುವವರೆಗೆ ಮೇಜು ನೋಡಿಕೊಂಡವಳು ಅಲ್ಲೇ ಹೊಲಿಯುವ ನಾದಿನಿ. ಕಾರ್ಖಾನೆಯ ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು: "ಈ ತಿಂಗಳು ನೋಡ್ತೀನಿ. ಆಗಲ್ಲ ಅಂದ್ರೆ ಮೇಜು ಅವಳಿಗೇ."

ಮನೆಯಲ್ಲಿ ನೆಟ್ಟಗಿರುವ ಬೆನ್ನು ಕೆಲಸಕ್ಕೆ ನಿಂತೊಡನೆ ಉರಿಯತೊಡಗುತ್ತಿತ್ತು. ಸಂಜೆ ಮನೆಗೆ ಬಂದು ಯಂತ್ರದ ರಿಮೋಟ್ ಒತ್ತಿದರೆ ಶಮನ. ಅದನ್ನು ಕಾರ್ಖಾನೆಗೆ ಒಯ್ಯುತ್ತಿರಲಿಲ್ಲ; ಮೊದಲ ದಿನವೇ ಅದನ್ನು ಕಂಡು ನಾದಿನಿ ಕೇಳಿದ್ದಳು, "ಯಾವ ಚಾನೆಲ್ ಬರುತ್ತೆ ಅತ್ತಿಗೆ ಅದ್ರಲ್ಲಿ?"

ಹಲ್ಲುಕಚ್ಚಿ ನಿಂತಳು. ಒಮ್ಮೆ ಗೆರೆ ಓರೆಯಾಗಿ ಅಂಗಿತೋಳುಗಳ ಒಂದು ಕಟ್ಟೇ ಹಾಳಾಯಿತು. ನಾದಿನಿ ಹಾಳಾದ ತುಂಡುಗಳನ್ನು ಆಯ್ದು ಬದಿಗಿಟ್ಟಳು. ಅವಳ ತಮಾಷೆಗಿಂತ ಅದೇ ಹೆಚ್ಚು ಚುಚ್ಚಿತು.

ಆಸ್ಪತ್ರೆಯಲ್ಲಿ ಯಂತ್ರ ಪರೀಕ್ಷಿಸುವಾಕೆ ಪರದೆ ನೋಡಿ ಹುಬ್ಬೇರಿಸಿದಳು. "ಯಂತ್ರ ಸರಿಯಾಗೇ ಇದೆ. ದಿನಾ ಹಗಲೆಲ್ಲ ಆಫ್ ಆಗಿದೆ. ಯಾರು ಆಫ್ ಮಾಡ್ತಾರೆ?"

"ನನ್ನ ಸೊಂಟದ ತಂಟೆಗೆ ಬರೋರು ಯಾರಮ್ಮ? ಗಂಡನಿಗೇ ಆ ಧೈರ್ಯ ಇಲ್ಲ."

ಆಕೆ ನಗಲಿಲ್ಲ. "ಆಯಸ್ಕಾಂತ ಹತ್ರ ಬಂದ್ರೆ ಇದು ಆಫ್ ಆಗುತ್ತೆ. ಇಟ್ಕೋಬೇಡಿ ಅಂತ ಹೇಳಿದ್ವಲ್ಲ?"

ಹೇಳಿದ್ದು ನಿಜ. ಆಗ ಅವಳ ಕಣ್ಮುಂದೆ ಬಂದದ್ದು ಆಸ್ಪತ್ರೆಯ ದೊಡ್ಡ ದೊಡ್ಡ ಯಂತ್ರಗಳು. ಸೊಂಟಕ್ಕೆ ಸಿಕ್ಕಿಸಿದ ಆ ರೇಡಿಯೋ ತುಂಡು ಎಂದೋ ಅವಳ ಮೂರನೆಯ ಕೈಯಾಗಿಬಿಟ್ಟಿತ್ತು. ಕೈಯನ್ನು ಯಾರು ಆಯಸ್ಕಾಂತವೆಂದು ಎಣಿಸುತ್ತಾರೆ?

ಮರುದಿನ ಅದನ್ನು ಬಿಚ್ಚಿ ನಾದಿನಿಯ ಮುಂದಿಟ್ಟು ಕಾರಣ ಹೇಳಿದಳು.

"ಇಷ್ಟು ದಿನ ಆ ನೋವಲ್ಲೇ ನಿಂತಿದ್ರಾ ಅತ್ತಿಗೆ?"

"ಮತ್ತೆ? ಮೇಜು ನಂದು."

ಕೆಲಸದ ನಡುವೆ ಸೂಜಿಯೊಂದು ಜಾರಿ ಕಾಲಬಳಿ ಬಿತ್ತು. ಕತ್ತರಿಯಕ್ಕ ಅದನ್ನೇ ನೋಡುತ್ತ ನಿಂತಳು. ಕೈ ತಾನಾಗಿ ಸೊಂಟದ ಹಿಂದೆ ಹೋಗಿ ಬರಿದಾಗಿ ಮರಳಿತು. ನಾದಿನಿ ಹೊಲಿಗೆಯಿಂದ ತಲೆಯೆತ್ತಲಿಲ್ಲ.

"ಇಲ್ಲಿ ಬಾರೇ," ಎಂದಳು ಕತ್ತರಿಯಕ್ಕ ಕೊನೆಗೆ, ಗಂಟಲಿನೊಳಗೇ. "ಒಂದು ಸೂಜಿ ಬಿದ್ದಿದೆ."

ನಾದಿನಿ ಆಯಸ್ಕಾಂತವನ್ನು ಅಲ್ಲಿಯೇ ಬಿಟ್ಟು, ಬರಿಗೈಯಲ್ಲಿ ಬಂದು ಬಗ್ಗಿದಳು. ತಿಂಗಳು ತುಂಬಿದರೂ ಯಜಮಾನರು ಮೇಜಿನ ಮಾತೆತ್ತಲಿಲ್ಲ.